ಬಳಕೆಯಲ್ಲಿಲ್ಲದ ಪೋರ್ಟುಗಳು

"ಬಳಕೆಯಲ್ಲಿಲ್ಲದ ಪೋರ್ಟುಗಳನ್ನೆಲ್ಲ ಮುಚ್ಚಲಾಗಿದೆ"
ಎಂದು ಸುತ್ತೋಲೆ ಬಂದ ಬೆಳಿಗ್ಗೆ
ಅಟೆಂಡರ್ ರೋಹಿದಾಸಣ್ಣ ಚಾ ಲೋಟ ಅಲ್ಲೇ ಇಟ್ಟು
ಕಿಟಕಿಗೆ ಓಡಿದ.
ಕಾರವಾರ ಬಂದರು ಇದ್ದಲ್ಲೇ ಇತ್ತು. ಬೈತಖೋಲದ ಬೋಟುಗಳೂ.
"ಹೆದರಿಸ್ಬೇಡಿ ಮಾರಾಯ್ರೆ" ಅಂದ, ಯಾರಿಗೆ ಅಂತ ಹೇಳದೆ.

ನಮ್ಮದು ಹಡಗು ಏಜೆಂಟರ ಆಫೀಸು. ಇಬ್ಬರು, ಒಂದು ಫ್ಯಾನು.
ಡಾಂಬರಿನ ಹಡಗು ಎಷ್ಟು ಹೊತ್ತಿಗೆ ಒಳಬರಬಹುದು,
ಭರತ ಯಾವಾಗ, ಇಳಿತ ಯಾವಾಗ, ಅದು ನನ್ನ ಪಾಲಿನ ಕೆಲಸ.
ಭರತ ಇಳಿತದ ಪುಟ ತೆರೆದೆ.
ಕೆಂಪು ಹಲಗೆ: ತಡೆಹಿಡಿಯಲಾಗಿದೆ.
ವರ್ಗ: ಜಲಕ್ರೀಡೆ, ಮೋಜು.
ಮೊಬೈಲು ಬಾಗಿಲಲ್ಲೇ, ಬೀಗದ ಡಬ್ಬಿಯಲ್ಲಿ;
ಕೀಲಿ ರೋಹಿದಾಸಣ್ಣನ ಉಡಿದಾರದಲ್ಲಿ, ಸಂಜೆ ಆರರ ತನಕ.

ಮುಂಬೈಗೆ ಬರೆದೆ. ಅಲ್ಲಿನ ಪರಾಗ್ ಅನ್ನುವವರು
ಒಳ್ಳೆಯವರೇ ಇರಬೇಕು, ಪ್ರತಿ ಪತ್ರದ ಕೊನೆಗೆ ಶುಭದಿನ ಕೋರುತ್ತಾರೆ.
ಹನ್ನೊಂದನೇ ದಿನ ಉತ್ತರ:
ಸಮಸ್ಯೆ ಬಗೆಹರಿದಿದೆ. ದೂರು ಮುಚ್ಚಲಾಗಿದೆ.
ಪುಟವೂ ಮುಚ್ಚೇ ಇತ್ತು.
ಮುಚ್ಚುವುದರಲ್ಲಿ ಪಳಗಿದ ಕೈ.

ಇದರ ನಡುವೆ ಪಾಸ್‌ವರ್ಡು. ನಲವತ್ತು ದಿನಕ್ಕೊಂದು ಹೊಸದು,
ಹಳೆಯದರ ನೆರಳೂ ಬೀಳಬಾರದು.
ಬಂಗಡೆ ಮುಗಿಯಿತು, ತಾರ್ಲೆ ಮುಗಿಯಿತು, ನೊಗಲಿ, ಇಸವಾಣ,
ಶೆಟ್ಲಿಯೂ ಮುಗಿದು ಈಗ ಚಿಪ್ಪಿಕಲ್ಲಿನ ಸರದಿ.
ಒಂದು ದೊಡ್ಡಕ್ಷರ ಕಡ್ಡಾಯವಂತೆ.
ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತಿಲ್ಲ ಸ್ವಾಮಿ,
ಎಲ್ಲರೂ ಒಂದೇ ಸಾಲಲ್ಲಿ
ತಲೆಕಟ್ಟು ಕಟ್ಟಿಕೊಂಡು ನಿಂತವರು.

ಹಡಗು ಆಚೆ ಲಂಗರು ಹಾಕಿ ಕಾಯುತ್ತಿದೆ. ಕ್ಯಾಪ್ಟನ್ನಿಗೆ ಉತ್ತರ ಬೇಕು.
ಕಿಟಕಿಯ ಸರಳಿಗೆ ಮುಖ ಒತ್ತಿ ಕೂಗುತ್ತೇನೆ:
"ನಾಗವೇಣಕ್ಕಾ, ನೀರು?"
ಬುಟ್ಟಿಯ ಮೇಲಿನ ಗೋಣಿ ತೋಯಿಸುತ್ತ
ತಲೆಯೆತ್ತದೆ ಹೇಳುತ್ತಾಳೆ: "ಸುಕ್ತಿ. ಕಾಗೆ ಕೂರೂ ಕಲ್ಲು ಕಾಣ್ತದೆ.
ಇನ್ನೆರಡು ತಾಸಿಗೆ ತಿರುಗ್ತದೆ."
ತಿಥಿಯನ್ನು ಮುಕ್ಕಾಲಿನಿಂದ ಗುಣಿಸುವುದನ್ನೂ
ಅವಳೇ ಕಲಿಸಿದ್ದು. ಗೋಡೆಯ ಕ್ಯಾಲೆಂಡರಿಗೆ
ಇನ್ನೂ ಯಾರೂ ತಡೆ ಹಾಕಿಲ್ಲ.

ಫಾರ್ಮಿನಲ್ಲಿ ಒಂದು ಖಾನೆ: ಮಾಹಿತಿಯ ಮೂಲ.
ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಹೋಗುವುದಿಲ್ಲ.
ಬರೆಯುತ್ತೇನೆ: ನಾ. ಹರಿಕಂತ್ರ.

ಮಾರ್ಚಿಯಲ್ಲಿ ಆಡಿಟ್ಟಿಗೆ ಬಂದವರು ಆ ಹೆಸರಿಗೆ ಬೆರಳಿಟ್ಟು ಕೇಳಿದರು,
ಇದು ಯಾವ ಸಂಸ್ಥೆ? ಸರ್ವರ್ ಎಲ್ಲಿದೆ?
ನಾನು ಬಾಯಿ ತೆರೆಯುವ ಮೊದಲು ರೋಹಿದಾಸಣ್ಣ,
ಮುಖದಲ್ಲಿ ಒಂದು ಗೆರೆ ಅಲುಗದೆ:
"ಇಲ್ಲೇ ಕೆಳಗಿದೆ ಸರ್. ಹನ್ನೆರಡರ ಮೇಲೆ ಸಿಗೂದಿಲ್ಲ.
ಮೀನು ಖಾಲಿಯಾದ್ರೆ ಎದ್ದು ಹೋಗ್ತದೆ."

ಅವರು ಬರೆದುಕೊಂಡರು.