ಎರಡು ಗ್ರಾಂ ಚಿಲ್ಲರೆ

ಅಳತೆಗೆ ನೀನು ಕಳಿಸಿದ್ದು ನೂಲಲ್ಲ,
ಬೆರಳಿಗೆ ಸುತ್ತಿ ಹರಿದ ಬಸ್ ಟಿಕೇಟು.
ಸ್ಟೇಟ್‌ಬ್ಯಾಂಕಿನಿಂದ ಕಾಟಿಪಳ್ಳ, ಒಂದು ಫುಲ್ಲು.
ರಥಬೀದಿಯ ಆಚಾರ್ರು ಕನ್ನಡಕ ಏರಿಸಿ ಅದನ್ನೂ ಓದಿ
ಅಳತೆಕೋಲಿಗೆ ತೊಡಿಸಿದರು: "ಹತ್ತೊಂಬತ್ತು."

ನಿನ್ನ ತಂಗಿ ವಿನುತ ಕೆಂಪು ಕಲ್ಲಿನದ್ದಕ್ಕೇ ಬೆರಳಿಡುತ್ತಾಳೆ,
"ನಾಲ್ಕು ಜನ ನೋಡ್ತಾರಲ್ಲ ಅತ್ತಿಗೆ?"
ನೋಡಲಿ.
ಚೀಟಿ ಎತ್ತಿದ ದುಡ್ಡು ಪರ್ಸಿನ ಒಳಖಾನೆಯಲ್ಲಿದೆ.
ಮಜೂರಿ, ಸಭಾಭವನದ ಬಾಡಿಗೆ, ಎಲೆಗೆ ಇನ್ನೂರರ ಊಟ,
ಅಂಗಡಿಯ ಬಿಲ್ಲಿನ ಹಿಂದೆ ಮೂರು ಸಲ ಕೂಡಿಸಿದ್ದೇನೆ;
ಮೂರು ಸಲವೂ ಅಷ್ಟೇ.

ಮತ್ತೆ ನಿನ್ನ ಕೈ ನನಗೆ ಗೊತ್ತು ದಯಾಕರ,
ಫುಟ್‌ಬೋರ್ಡಿನಲ್ಲಿ ಜೋತು, ಸ್ಟಾಪು ಬಂದರೆ
ತಗಡಿಗೆ ಬಡಿಯುವ ಕೈ.
ಯಾವ ಕಲ್ಲೂ ಕೂಳೂರು ಸಂಕ ದಾಟುವುದಿಲ್ಲ.

"ಏನೂ ಇಲ್ಲದ್ದು ಕೊಡಿ" ಎಂದೆ.
ತಕ್ಕಡಿಯ ಕೆಂಪಂಕಿ ನಡುಗಿ ನಿಂತಿತು,
ಎರಡು ಗ್ರಾಂ ಮುನ್ನೂರು ಮಿಲ್ಲಿ.

ಗಾಜಿನ ಮೇಜಿಗೆ ಮೆಲ್ಲಗೆ ಒಮ್ಮೆ ತಟ್ಟಿದೆ, ಕಿವಿಗೊಟ್ಟೆ.
"ಚಿನ್ನಕ್ಕೆ ಸದ್ದು ನೋಡ್ತೀರಾ?" ನಕ್ಕರು ಆಚಾರ್ರು.

ನೋಡಬೇಕು.
ಹಂಪನಕಟ್ಟೆಯ ಅಂಗಡಿಯಲ್ಲಿ ಸೀರೆ ಮಡಚುವಾಗ
ಹೊರಗೆ ಹೋದದ್ದು ಯಾರ ಬಸ್ಸೆಂದು
ತಲೆಯೆತ್ತದೆ ಗೊತ್ತಾಗಬೇಕು ನನಗೆ.