ಮೂಗಿನ ಪಕ್ಕದ ಕೋಣೆ

ಖೋವ್ದ್ ಊರು. ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಕಲ್ಲಿದ್ದಲ ಹೊಗೆ ಆಸ್ಪತ್ರೆಯ ಕಿಟಕಿಗೆ ಮೂಗು ಒತ್ತಿ ನಿಂತಿದೆ.
ಗೊಂಚಿಗ್ ಬಂದ. ಅರವತ್ತೆರಡು. ನರಿತುಪ್ಪಳದ ಟೋಪಿ ತೊಡೆಯ ಮೇಲೆ.
ಒಂದೇ ಗಂಟಲಲ್ಲಿ ಎರಡು ದನಿ ತೆಗೆದು ಹಾಡುವವನು:
ಕೆಳಗೆ ನದಿ, ಮೇಲೆ ಸೀಟಿ.
‘ನದಿ ಇದೆ’ ಅಂದ. ‘ಸೀಟಿ ಹೋಗಿದೆ.
ಮೂರು ತಿಂಗಳಾಯ್ತು, ಕೆನ್ನೆಯೊಳಗೆ ಯಾರೋ
ಒದ್ದೆ ಉಣ್ಣೆ ತುರುಕಿದ್ದಾರೆ.’

ನಾನು ಚಿತ್ರ ತೆಗೆಯುವವಳು.
ಮಾತು ಡಾಕ್ಟರ್ ಉರ್ತ್ನಾಸನ್ ಅವರದು.

ಮೊದಲು ಅವರ ಅಜ್ಜನ ಕಾಲದ ಪರೀಕ್ಷೆ. ದೀಪ ಆರಿಸಿ,
ಬಾಯೊಳಗೆ ಪುಟ್ಟ ಟಾರ್ಚು, ತುಟಿ ಮುಚ್ಚಿ.
ಎಡಗೆನ್ನೆ ಕೆಂಪಗೆ ಹೊತ್ತಿಕೊಂಡಿತು,
ರಾತ್ರಿ ಬಯಲಲ್ಲಿ ಒಲೆ ಉರಿಯುವ ಉಣ್ಣೆಗುಡಾರದ ಹಾಗೆ.
ಬಲಗೆನ್ನೆ: ಮನೆಯಲ್ಲಿ ಯಾರೂ ಇಲ್ಲ.
‘ಇಷ್ಟು ಸಾಕೇ?’
ಸಾಲದು. ಕತ್ತಲೆಗೆ ಕಾರಣ ನೂರು.
ಕೆಲವರ ಕೋಣೆ ಹುಟ್ಟಿನಿಂದಲೇ ಇಕ್ಕಟ್ಟು.

ಆಮೇಲೆ ಎಕ್ಸ್‌ರೇ. ಗದ್ದ ಹಲಗೆಗೆ ತಾಗಲಿ, ಮೂಗು ಬೆರಳಷ್ಟು ದೂರ,
ಬಾಯಿ ತೆರೆದು ಉಸಿರು ಹಿಡಿಯಿರಿ.
‘ಬಿಡಿ’ ಅನ್ನುವುದನ್ನು ನಾನು ಮರೆತೆ.
ಹಾಡುಗಾರ. ಹಿಡಿದೇ ನಿಂತಿದ್ದ.
ಬಲದ ಕೋಣೆಯಲ್ಲಿ ಒಂದು ನೇರ ಗೆರೆ,
ಬಟ್ಟಲಲ್ಲಿ ಅರ್ಧ ಉಳಿದ ಹಾಲಿನ ಮಟ್ಟ.
ನಿಲ್ಲಿಸಿಯೇ ತೆಗೆಯಬೇಕು ಇದನ್ನು.
ಮಲಗಿಸಿದರೆ ಗೆರೆಯೂ ಮಲಗಿಬಿಡುತ್ತದೆ.
ಹಾಲು ಕಂಡಿತು. ಕರೆದವರು ಯಾರೆಂದು ಕಾಣಲಿಲ್ಲ.

ಸೊಸೆ ಖುಲಾನ್ ಕೇಳಿದಳು: ‘ರಾಜಧಾನಿಯಲ್ಲಿ ಎಂಆರ್‌ಐ ಇದೆಯಂತೆ,
ಎರಡು ಕುದುರೆ ಮಾರಿದರೆ...’
ಡಾಕ್ಟರು ತಲೆಯಾಡಿಸಿದರು. ಮೂಗಿಗಿಂತ ಮೂಗುತಿ ಭಾರ ತಾಯಿ.
ಅದು ಮೆದುವನ್ನು ನೋಡುವ ಕಣ್ಣು.
ಕೀವು ಗೋಡೆ ಹಾರಿ ಕಣ್ಣಿಗೋ ಮಿದುಳಿಗೋ ನುಗ್ಗಿದರೆ,
ಗಡ್ಡೆಯ ಗುಮಾನಿ ಬಂದರೆ, ಆಗ ಮಾರಿ.
ಈಗ ಬೇಕಾದದ್ದು ಮೂಳೆಯ ಲೆಕ್ಕ.

ಹೀಗೆ, ಸೀಟಿ ಹೋದವನಿಗೆ ಸಿ.ಟಿ.
ಬಿಳಿ ಬಳೆಯೊಳಗೆ ತಲೆ ಹೋಗಿ ಬಂತು,
ಚಹಾ ಆರುವಷ್ಟೂ ಹೊತ್ತಲ್ಲ.
ಪರದೆಯ ಮೇಲೆ ಹೋಳು ಹೋಳಾಗಿ ಅವನ ಮುಖ:
ಹಣೆ, ಹುಬ್ಬಿನ ಹಿಂದಿನ ಜೇನುಗೂಡು, ತುಸು ಡೊಂಕು ನಡುಗೋಡೆ,
ಬೂದಿ ತುಂಬಿದ ಬಲದ ಕೋಣೆ,
ಮತ್ತೆ, ಕೋಣೆಯ ನೆಲ ಸೀಳಿ
ಗೂಟದಂತೆ ಮೇಲೆದ್ದ ಒಂದು ಬೇರು.
ಚಿನ್ನದ ಕವಚ ತೊಟ್ಟ ದವಡೆ ಹಲ್ಲಿನದು.
ಮದುವೆಯ ವರ್ಷ ಹಾಕಿಸಿದ್ದಂತೆ.
ಮೇಲೆ ಹೊಳಪು, ಬುಡದಲ್ಲಿ ಹುಳುಕು.
ಹಲ್ಲಿಗೆ ಜ್ವರ ಬಂದಿತ್ತು,
ಮೂರು ತಿಂಗಳು ಮೂಗಿಗೆ ಬರೆ ಹಾಕಿದ್ದೆವು.

ಒಂದು ಮಾತು, ಯಾರಿಗೂ ಹೇಳದ್ದು.
ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದಾಗ
ನನ್ನ ತಲೆಯೂ ಆ ಬಳೆಯೊಳಗೆ ಹೋಗಿತ್ತು.
ನನ್ನ ಎಡಗೋಣೆಯೂ ಬೂದಿ, ಅಂಚಿನ ತನಕ.
ನನಗೆ ಒಂದು ಸೀನೂ ಇಲ್ಲ. ಇಂದಿಗೂ ಇಲ್ಲ.
ಯಂತ್ರ ನೀರನ್ನು ತೋರಿಸುತ್ತದೆ,
ಮುಳುಗುತ್ತಿರುವವರು ಯಾರೆಂದು ಕೇಳಿದರೆ ಗುಂಯ್ ಅನ್ನುತ್ತದೆ.
ಅದಕ್ಕೇ ಬಂದವರ ಮುಖವನ್ನು ಮೊದಲು
ಬರಿಗಣ್ಣಲ್ಲಿ ನೋಡುತ್ತೇನೆ, ಸುಮ್ಮನೆ.

ಹಲ್ಲು ಕಿತ್ತು, ಕೋಣೆ ತೊಳೆದು, ಹನ್ನೊಂದನೆಯ ದಿನ
ಗೊಂಚಿಗ್ ಓಣಿಯ ಬೆಂಚಿನ ಮೇಲೆ ಕೂತಿದ್ದ.
ಚಿನ್ನದ ಕವಚ ಕರವಸ್ತ್ರದ ಗಂಟಿನಲ್ಲಿ.
ಕಣ್ಣು ಮುಚ್ಚಿ ನದಿಯನ್ನು ತೆಗೆದ. ಬೆಂಚು ಅದುರಿತು.
ಅದರ ಮೇಲೆ ಏನೋ ಎದ್ದಿತು. ಸೀಟಿಯಲ್ಲ,
ಕುದಿಯುವ ಮೊದಲು ಕೆಟಲು ಮಾಡುತ್ತದಲ್ಲ, ಅಂಥ ಸದ್ದು.
ನರ್ಸು ಬಂದು ‘ಶ್’ ಅಂದಳು.
ಅದೇ ಸ್ವರ, ಅಂದ ಅವನು.