ಸೈಕಲ್ಲಿನ ಟಿಕೇಟು

ಬಾನ್ ಕ್ರುತ್ ಸ್ಟೇಷನ್ನಿನಲ್ಲಿ ನನಗೆ ನಲವತ್ತು ಬಾತ್,
ಸೈಕಲ್ಲಿಗೆ ತೊಂಬತ್ತು.
ಅದೇ ಹೆಚ್ಚು ಭಾರವಾ ಎಂದು ಕೈಸನ್ನೆಯಲ್ಲಿ ಕೇಳಿದೆ.
ಟಿಕೇಟಿನ ಹೆಂಗಸು ನನ್ನ ಹೊಟ್ಟೆ ನೋಡಿದಳು,
ಏನೂ ಹೇಳಲಿಲ್ಲ.

ಕೊನೆಯ ಡಬ್ಬಿ. ಕೋಳಿಮರಿಗಳ ರಟ್ಟಿನ ಪೆಟ್ಟಿಗೆ,
ಐಸು ಸೋರುವ ಮೀನಿನ ಬುಟ್ಟಿ,
ಯಾರದೋ ಮದುವೆಗೆ ಹೊರಟ ಪ್ಲಾಸ್ಟಿಕ್ ಕುರ್ಚಿಗಳು.
ಗಾರ್ಡ್ ಥಾವೋನ್ ಹೆಗಲ ಚೌಕುಳಿ ವಸ್ತ್ರ ತೆಗೆದು
ಹ್ಯಾಂಡಲನ್ನು ಮೇಲಿನ ಕಂಬಿಗೆ ಬಿಗಿದ:
ಮುಂಗಾಲೆತ್ತಿ ನಿಂತ ಹಠಮಾರಿ ಕರು.

ಮಂಡಿ ಕೈಕೊಟ್ಟಿತ್ತು. ಬಂದ ದಾರಿಯಲ್ಲೇ ವಾಪಸು.
ಮೊನ್ನೆ ಅರ್ಧ ದಿನ ಏದುಸಿರಲ್ಲಿ ತುಳಿದ ದಿಣ್ಣೆ
ಒಂದು ಆಕಳಿಕೆಯಲ್ಲಿ ಮುಗಿಯಿತು.
ನಾಯಿ ಅಟ್ಟಿಸಿಕೊಂಡು ಬಂದ ತಿರುವು,
ಎಳನೀರು ಕೊಟ್ಟು ಕಾಸು ಬೇಡವೆಂದ
ಮುದುಕಿಯ ತಳ್ಳುಗಾಡಿ.
ಅವಳಿದ್ದಳೋ ಇಲ್ಲವೋ,
ಕಿಟಕಿ ಅಷ್ಟು ಹೊತ್ತು ನಿಲ್ಲಲಿಲ್ಲ.

ಪ್ರಾನ್ ಬುರಿಯಲ್ಲಿ ಎರಡೇ ನಿಮಿಷ.
ಸೈಕಲ್ ಇಳಿಸಿ ಥಾವೋನ್
ಮೀಟರಿನ ಮೇಲೆ ಬೆರಳಿಟ್ಟು ನಕ್ಕ.
ಗಾಳಿಯಲ್ಲಿ ನೇತಾಡಿದ ಮುಂದಿನ ಗಾಲಿ
ರೈಲಿನ ಕುಲುಕಾಟಕ್ಕೆ ತಾನೇ ತಾನಾಗಿ ತಿರುಗಿ
ಮುನ್ನೂರ ಹತ್ತು ಮೀಟರು ಹೋಗಿತ್ತು,
ಬೆವರಿಲ್ಲದೆ, ಊರಿಲ್ಲದೆ.

ಪೀಪಿ ಊದಿದ ಮೇಲೆ ನೋಡುತ್ತೇನೆ,
ಹ್ಯಾಂಡಲಿಗೆ ಅವನ ವಸ್ತ್ರ.
ಗಂಟು ಬಿಚ್ಚಲು ಹೋದೆ.
ರೈಲಿನ ಗಂಟು, ನನ್ನ ಬೆರಳಿಗೆ ಬಗ್ಗಲಿಲ್ಲ.